ರಾಗಿ ಕಲ್ಲು ಏನಾಯ್ತು ಅಂತ ಕೇಳಿದ್ದೆಯಲ್ಲ

ಪ್ರೀತಿಯ ಗೆಳೆಯಾ,

"ನಮ್ಮಮ್ಮನ ರಾಗಿ ಕಲ್ಲು ಎಲ್ಲಿಗೆ ಬಂತೋ?" ಅಂತ ನೀನು ಮೂರು ಸಲ ಮೆಸೇಜ್ ಹಾಕಿದೆ. ಮೂರು ಸಲವೂ ನಾನು "ಆಗ್ತಿದೆ" ಅಂತ ಸುಳ್ಳು ಹೇಳಿದೆ. ನಿಮ್ಮಮ್ಮ ರಾಗಿ ಬೀಸಿದ ಸದ್ದಿನಿಂದ ಡಾನ್ಸಿಗೆ ಅಂತ ಮಾಡುತ್ತಿದ್ದ ಸಂಗೀತ ಈಗ ನಿಜವಾಗಿ ಮುಗಿದಿದೆ. 22 ನಿಮಿಷ. ಕೊನೆಯಲ್ಲಿ ನಿನಗೊಂದು ಕೆಲಸ ಇದೆ, ಹಾಗಾಗಿ ಪೂರ್ತಿ ಓದು ಮಾರಾಯ.

ಆವತ್ತು ನಿಮ್ಮ ಪಡಸಾಲೆಯಲ್ಲಿ ಕೆಳಗಿನ ಕಲ್ಲಿಗೆ ಟೇಪ್ ಹಾಕಿ ಅಂಟಿಸಿದ್ದೆನಲ್ಲ ಒಂದು ಹಿತ್ತಾಳೆ ಬಿಲ್ಲೆ, ಅದು ಪೀಜೋ, ಅಂದರೆ ಅದುರುವಿಕೆಯನ್ನು ಹಿಡಿಯುವ ಮೈಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಗಾಳಿಯಲ್ಲಿ ಬರುವ ಸದ್ದು ಅದಕ್ಕೆ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ. ವಸ್ತು ಒಳಗೊಳಗೇ ಅದುರುವುದು ಮಾತ್ರ ಕೇಳಿಸುತ್ತದೆ. ನಿಮ್ಮನೆ ಹುಂಜ ಅಷ್ಟು ಬಾಯಿ ಮಾಡಿದರೂ ಅದರಲ್ಲಿ ಸಿಕ್ಕಿಲ್ಲ. ಪಕ್ಕದಲ್ಲಿ ಸ್ಟ್ಯಾಂಡ್ ಮೇಲಿಟ್ಟ ಮೈಕಿನಲ್ಲಿ ಮಾತ್ರ ಧಾರಾಳವಾಗಿದೆ.

ಆ ಸದ್ದನ್ನು 96 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 96 ಸಾವಿರ ಸಲ ಅಳೆದು ಹಿಡಿದಿದ್ದೆ. ಹಾಗೆ ಹಿಡಿದರೆ ಆಮೇಲೆ ಎಷ್ಟು ನಿಧಾನ ಮಾಡಿದರೂ ಮಂಕಾಗುವುದು ಕಡಿಮೆ. ಕಾಲು ಭಾಗ ವೇಗಕ್ಕೆ ಇಳಿಸಿದೆ. ಶ್ರುತಿ ಎರಡು ಸ್ಥಾಯಿ ಕೆಳಗೆ ಹೋಯಿತು. ರಾಗಿ ಕಲ್ಲು ಹೋಗಿ, ಗುಡ್ಡವೊಂದು ಮೈ ಮುರಿದು ಎದ್ದು ಕೂತ ಹಾಗಾಯಿತು. ಆಮೇಲೆ ಅದನ್ನೇ ಚೂರು ಚೂರು ಮಾಡಿದೆ, ಒಂದೊಂದು ಚೂರು ಒಂದು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲಿಗಿಂತಲೂ ಸಣ್ಣದು. ಅವನ್ನು ಹಿಂದೆ ಮುಂದೆ ಮಾಡಿ ಮತ್ತೆ ಸುರಿದೆ. ನಮ್ಮ ಕಡೆಯವರು ಇದಕ್ಕೆ ಗ್ರ್ಯಾನ್ಯುಲರ್ ಅನ್ನುತ್ತಾರೆ. ಅಂದರೆ ಸದ್ದನ್ನೇ ಬೀಸುವುದು. ನಿಮ್ಮಮ್ಮ ರಾಗಿ ಬೀಸಿದರು, ನಾನು ಅವರು ಬೀಸಿದ್ದನ್ನು ಬೀಸಿದೆ.

ಒಂದು ತೊಂದರೆ ಇತ್ತು. ಅಷ್ಟೂ ರೆಕಾರ್ಡಿಂಗಿನಲ್ಲಿ ಸಣ್ಣಗೆ ಗುಂಯ್ ಅನ್ನುವ ಸದ್ದು. ಕರೆಂಟಿನದು. ಪೀಜೋ ವೈರಿಗೆ ನಾನು ಸರಿಯಾದ ಹೊದಿಕೆ ಹಾಕಿರಲಿಲ್ಲ, ತಪ್ಪು ನನ್ನದೇ. ಎರಡು ದಿನ ಅದನ್ನು ಕಿತ್ತುಹಾಕಲು ಒದ್ದಾಡಿದೆ. ಮೂರನೇ ದಿನ ಸುಮ್ನೆ ಕೂತು ಕೇಳಿದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಅತ್ತಿತ್ತ ಓಡಾಡುತ್ತದಲ್ಲ, ಆ 50 ಐದು ಮನೆ ಶ್ರುತಿಗೆ (ಹಾರ್ಮೋನಿಯಂನ ಐದನೇ ಬಿಳಿ ಮನೆ) ಹತ್ತಿರ ಬರುತ್ತದೆ, ಚೂರೇ ಚೂರು ಮೇಲೆ. ತಂಬೂರಿ ಸಿಕ್ಕಂತಾಯಿತು! ಉಳಿದ ಸದ್ದನ್ನೆಲ್ಲ ಅದಕ್ಕೇ ಶ್ರುತಿ ಮಾಡಿದೆ. 22 ನಿಮಿಷವೂ ನಿಮ್ಮನೆ ಕರೆಂಟೇ ಷಡ್ಜ.

ಇಷ್ಟಾದ ಮೇಲೆ ಗೆದ್ದೆ ಅಂದುಕೊಂಡು, ಇದಕ್ಕೆ ಕುಣಿಯಬೇಕಾದ ಡಾನ್ಸರ್‌ಗೆ ಕೇಳಿಸಿದೆ. ಅವಳು ಭರತನಾಟ್ಯ ಕಲಿತು ಈಗ ಬೇರೆ ಥರ ಕುಣಿಯುವವಳು. ನಾನು ಕಲ್ಲಿನ ಒಂದು ಸುತ್ತನ್ನು ಕತ್ತರಿಸಿ, ಒಂದು ಕೂದಲೂ ಆಚೀಚೆ ಆಗದ ಹಾಗೆ ಲೂಪ್ ಮಾಡಿದ್ದೆ. ಐದು ನಿಮಿಷ ಕೇಳಿ ಹೇಳಿದಳು: "ಇದು ಮಿಕ್ಸಿ. ರಾಗಿ ಕಲ್ಲಲ್ಲ."

ನನಗೆ ಉರಿಯಿತು. ಅಮೆರಿಕದ ಸಂಗೀತ ಸಂಯೋಜಕ ಜಾನ್ ಕೇಜ್ ಮತ್ತು ನೃತ್ಯ ಸಂಯೋಜಕ ಮರ್ಸ್ ಕನಿಂಗ್‌ಹ್ಯಾಮ್ ಕಥೆ ತೆಗೆದೆ. ಅವರು ಸಂಗೀತವನ್ನೂ ಡಾನ್ಸನ್ನೂ ಬೇರೆ ಬೇರೆಯಾಗಿಯೇ ಮಾಡುತ್ತಿದ್ದರು. ಇಷ್ಟು ನಿಮಿಷ ಅಂತ ಮಾತಾಡಿಕೊಂಡರೆ ಆಯಿತು. ಎಷ್ಟೋ ಸಲ ಡಾನ್ಸರುಗಳು ಸಂಗೀತ ಕೇಳುತ್ತಿದ್ದುದೇ ಮೊದಲ ಪ್ರದರ್ಶನದ ದಿನ. ಅವಳು ನಕ್ಕಳು. "ಅವರು ಅದನ್ನು ಇಬ್ಬರೂ ಕೂತು ಒಪ್ಪಿಕೊಂಡಿದ್ದರು. ನೀನು ಸೋಮಾರಿತನಕ್ಕೆ ಅವರ ಹೆಸರು ಹೇಳಬೇಡ."

ಸರಿ, ಮೂಲ ರೆಕಾರ್ಡಿಂಗ್ ಹಾಕಿದೆ. ಕಣ್ಣು ಮುಚ್ಚಿ ಕೇಳಿದಳು. ನಿಮ್ಮಮ್ಮ ಏಳೆಂಟು ಸುತ್ತು ತಿರುಗಿಸುತ್ತಾರೆ, ಗೂಟ ನಿಧಾನ ಆಗುತ್ತದೆ, ಎಡಗೈಯಲ್ಲಿ ಒಂದು ಹಿಡಿ ರಾಗಿ ಹಾಕುತ್ತಾರೆ, ಮತ್ತೆ ಎಳೆಯುತ್ತಾರೆ. ಮುಂದಿನ ಸಲ ಏಳೆಂಟಲ್ಲ, ಹನ್ನೊಂದು. ನಾನು ಕೊಳೆ ಅಂತ ತೆಗೆದುಹಾಕಿದ್ದ ಆ ನಿಲುಗಡೆಗಳೇ ಅವಳಿಗೆ ಬೇಕಾಗಿದ್ದವು. "ಇಲ್ಲಿ ನನ್ನ ಮೈ ತಿರುಗುತ್ತೆ ನೋಡು" ಅಂತ ಎದ್ದು, ಸೊಂಟ ತಿರುವಿ ತೋರಿಸಿದಳು. ತಾಳ ಅಲ್ಲ, ಉಸಿರು ಅಂತೆ. ನನ್ನ ಮೂರು ವಾರದ ಲೂಪ್ ಕಸಕ್ಕೆ ಹೋಯಿತು. ಎಲ್ಲ ಮತ್ತೆ ಶುರು.

ಕೇಜ್ ಕಥೆಯಲ್ಲಿ ಅವಳಿಗೆ ಹಿಡಿಸಿದ್ದು ಇನ್ನೊಂದು. 1965ರಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ವೇದಿಕೆ ತುಂಬ ಆಂಟೆನಾ ಕಂಬಗಳನ್ನು ನಿಲ್ಲಿಸಿದ್ದರು. ಡಾನ್ಸರ್ ಹತ್ತಿರ ಹೋದರೆ ಸದ್ದು ಬದಲಾಗುತ್ತಿತ್ತು. ಆಂಟೆನಾ ಮಾಡಿಕೊಟ್ಟವರು ರಾಬರ್ಟ್ ಮೂಗ್. ಅದೇ ಮೂಗ್ ಅವರ ಸಿಂಥಸೈಜರ್, ಅಂದರೆ ಕರೆಂಟಿನಿಂದಲೇ ಸದ್ದು ಹುಟ್ಟಿಸುವ ವಾದ್ಯ, 1969ರಲ್ಲಿ ಅಹಮದಾಬಾದಿನ ವಿನ್ಯಾಸ ಸಂಸ್ಥೆ ಎನ್‌ಐಡಿಗೆ ಬಂದಿತ್ತು, ಗೊತ್ತಾ? ಕೇಜ್ ಜೊತೆಗಾರ ಡೇವಿಡ್ ಟ್ಯೂಡರ್ ಬಂದು ಸ್ಟುಡಿಯೋ ಕಟ್ಟಿಕೊಟ್ಟರು. ಸಂಗೀತಗಾರ್ತಿ ಗೀತಾ ಸಾರಾಭಾಯಿ ಮತ್ತೆ ಕೆಲವರು ಅದರಲ್ಲಿ ಎಲೆಕ್ಟ್ರಾನಿಕ್ ಸಂಗೀತ ಮಾಡಿ ಟೇಪಿಗೆ ಹಾಕಿದರು. ಆ ಟೇಪುಗಳು ದಶಕಗಟ್ಟಲೆ ಅಲ್ಲೇ ಮಲಗಿದ್ದು, 2023ರಲ್ಲಿ ರೆಕಾರ್ಡ್ ಆಗಿ ಹೊರಗೆ ಬಂದವು. ನಮ್ಮಲ್ಲಿ ಇದೆಲ್ಲ ಯಾರೂ ಮಾಡಿಲ್ಲ ಅಂದುಕೊಂಡು ಎಷ್ಟು ವರ್ಷ ಜಂಬ ಕೊಚ್ಚಿದ್ದೆ ನಾನು!

ನಮ್ಮ ಹತ್ತಿರ ಆಂಟೆನಾಗೆ ದುಡ್ಡಿಲ್ಲ. ಪೀಜೋ ಬಿಲ್ಲೆ ಇತ್ತು. ನಾಲ್ಕನ್ನು ಅವಳು ಕುಣಿಯುವ ಹಲಗೆಯ ಅಡಿಗೆ ಅಂಟಿಸಿದೆವು. ಅವಳು ಹಿಮ್ಮಡಿ ಊರಿದರೆ ಒಂದು ಹಿಡಿ ಸದ್ದು ಬೀಳುತ್ತದೆ, ನಿಮ್ಮಮ್ಮ ರಾಗಿ ಹಾಕಿದ ಹಾಗೆ.

ಈಗ ನಿನ್ನ ಕೆಲಸ. ರೆಕಾರ್ಡಿಂಗಿನ ಕೊನೆಯಲ್ಲಿ, ಸ್ಟ್ಯಾಂಡಿನ ಮೈಕಿನಲ್ಲಿ, ಕಲ್ಲು ನಿಂತ ಮೇಲೆ ನಿಮ್ಮಮ್ಮ ಸೆರಗಲ್ಲಿ ಮುಖ ಒರೆಸಿಕೊಂಡು "ಸಾಕೇನಪ್ಪಾ, ಇನ್ನೂ ಬೀಸ್ಲಾ?" ಅಂತ ಕೇಳಿದ್ದು ಹಾಗೇ ಉಳಿದಿದೆ. ಹಿಂದೆ ನಿಮ್ಮ ಹುಂಜ. ಅದರ ಮೇಲೆ ಒಂದು ಎಫೆಕ್ಟ್ ಕೂಡ ಹಾಕಿಲ್ಲ. ಅಷ್ಟರಲ್ಲಿ ದೀಪ ಆರುತ್ತದೆ. ಕಲ್ಲಿನ ಸದ್ದಿಗೆ ಅವರು ಒಪ್ಪಿದ್ದರು, ದನಿಗೆ ನಾನು ಕೇಳಿರಲಿಲ್ಲ. ಕೇಳಿಸಿ, ಬೇಡ ಅಂದರೆ ಬೇಡ ಅಂತಲೇ ಹೇಳು, ತೆಗೆಯುತ್ತೇನೆ. ಫೈಲ್ ಇದರ ಜೊತೆಗೇ ಕಳಿಸಿದ್ದೇನೆ. ಫೋನ್ ಸ್ಪೀಕರಿನಲ್ಲಿ ಬೇಡ, ಇಯರ್‌ಫೋನ್ ಹಾಕಿ ಕೇಳಿಸು.

ನಿನ್ನ,
ಬಿಲ್ಲೆ ಅಂಟಿಸುವವನು