ಎಲೆತೋಟವೂ ಮೈಸೂರಿನ ಪರಂಪರೆಯೇ, ನಕ್ಷೆಯಲ್ಲಿ ಜಾಗ ಕೊಡಿ

ಮೈಸೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರಗಳು.

ಊರು ಬೆಳೆಯಲಿ ಸ್ವಾಮಿ. ನಮ್ಮ ಮಕ್ಕಳಿಗೂ ಮನೆ ಬೇಕು, ಕೆಲಸ ಬೇಕು. 2023ರಲ್ಲಿ ಬೆಂಗಳೂರಿನ ಹೊಸ ಹೆದ್ದಾರಿ ತೆರೆದ ಮೇಲೆ ಈ ಕಡೆ ಜಮೀನು ಕೇಳಿಕೊಂಡು ಬರುವವರು ಜಾಸ್ತಿ. ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಹಾಗಾಗಿ ಏನನ್ನು ಉಳಿಸಬೇಕು ಅಂತ ಈಗಲೇ ತೀರ್ಮಾನ ಆಗಬೇಕು.

ಪರಂಪರೆ ಅಂದರೆ ನಾವು ಅರಮನೆ, ಮಾರುಕಟ್ಟೆ, ಗಡಿಯಾರ ಗೋಪುರ ಅಂತ ಕಟ್ಟಡಗಳನ್ನೇ ಎಣಿಸುತ್ತೇವೆ. ನಂಜನಗೂಡು ರಸ್ತೆಯ ಎಲೆತೋಟಗಳು, ಅಂದರೆ ವೀಳ್ಯದೆಲೆ ತೋಟಗಳು, ಆ ಪಟ್ಟಿಗೆ ಬರುವುದೇ ಇಲ್ಲ. ಮೈಸೂರು ವೀಳ್ಯದೆಲೆಗೆ, ಮೈಸೂರು ಮಲ್ಲಿಗೆಗೆ, ನಂಜನಗೂಡು ರಸಬಾಳೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ನಿಜ. ಅದರಿಂದ ಬೇರೆಯವರು ಆ ಹೆಸರು ಬಳಸದಂತೆ ತಡೆಯಬಹುದು ಅಷ್ಟೇ. ಬೆಳೆಯುವ ಜಮೀನು ಸೈಟಾಗುವುದನ್ನು ತಡೆಯಲು ಆಗುವುದಿಲ್ಲ. ಈರನಗೆರೆ ಬದನೆಕಾಯಿ ಅಂತ ಇವತ್ತಿಗೂ ಕೂಗಿ ಮಾರುತ್ತಾರೆ. ಈರನಗೆರೆಯಲ್ಲಿ ಈಗ ಬರೀ ಮನೆಗಳು.

ಒಂದು ಎಲೆತೋಟದ ಒಳಗೆ ಹೋಗಿ ನೋಡಿ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ತಂಪು. ಸಾಲಾಗಿ ಆಸರೆ ಮರ ಬೆಳೆಸಿ ಬಳ್ಳಿ ಹಬ್ಬಿಸಿರುತ್ತಾರೆ. ಬಳ್ಳಿ ಕೈಗೆಟುಕದಷ್ಟು ಏರಿದ ಮೇಲೆ ಮೆಲ್ಲಗೆ ಇಳಿಸಿ, ಸುತ್ತಿ, ಬುಡದಲ್ಲಿ ಮಣ್ಣು ಮುಚ್ಚಿ ಮತ್ತೆ ಹಬ್ಬಿಸುತ್ತಾರೆ. ನೆಲ ಯಾವಾಗಲೂ ತೇವ ಇರಬೇಕು, ಆದರೆ ನೀರು ನಿಲ್ಲಬಾರದು. ಪಕ್ಕದಲ್ಲೇ ಲೇಔಟಿಗೆ ಮಣ್ಣು ತುಂಬಿ ಎತ್ತರಿಸಿದರೆ ಮಳೆನೀರಿಗೆ ದಾರಿ ಇಲ್ಲ. ಕಾಲುವೆಗೆ ಚರಂಡಿ ಸೇರಿದರೆ ಅದನ್ನು ತೋಟಕ್ಕೆ ಬಿಡುವಂತಿಲ್ಲ. ರೈತ ಮಾರುವ ಮನಸ್ಸು ಮಾಡುವುದು ಆಮೇಲೆ.

ಕಟ್ಟಡಗಳ ಪಾಡೂ ಇದೇ ಅಲ್ವಾ? 2012ರಲ್ಲಿ ಮೈಸೂರಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಸೋರುವಾಗ ಸುಮ್ನೆ ಇದ್ದು, ಬಿದ್ದ ಮೇಲೆ ಶಿಥಿಲ, ಕೆಡವಿ ಅನ್ನುತ್ತಾರೆ. ಕಾಲುವೆ ಹಾಳಾಗುವಾಗ ಸುಮ್ನೆ ಇದ್ದು, ಇಲ್ಲಿ ಬೆಳೆ ಬರಲ್ಲ ಅಂತ ಭೂಪರಿವರ್ತನೆ ಮಾಡಿಕೊಡುತ್ತಾರೆ. ನೋಡುತ್ತಾ ನೋಡುತ್ತಾ ಹೊಟ್ಟೆ ಉರಿಯುತ್ತದೆ.

ಮೈಸೂರು-ನಂಜನಗೂಡು ಪ್ರದೇಶದ ಈಗಿನ ಮಹಾಯೋಜನೆ (ಮಾಸ್ಟರ್ ಪ್ಲಾನ್) 2031ರವರೆಗಿನದು. ಮುಂದಿನದರಲ್ಲಿ ಎಲೆತೋಟ, ಅದಕ್ಕೆ ನೀರು ತರುವ ಕಾಲುವೆ ಎರಡನ್ನೂ ಪರಂಪರೆ ಅಂತಲೇ ಗುರುತಿಸಿ. ಕಾಲುವೆ ಕೆಟ್ಟಿರುವ ಕಡೆ ಮೊದಲು ರಿಪೇರಿ ಆಗಲಿ, ಅಲ್ಲಿಯವರೆಗೆ ಭೂಪರಿವರ್ತನೆ ಬೇಡ. ಹಳೇ ಬಡಾವಣೆಗಳಲ್ಲಿ ವರ್ಷಗಟ್ಟಲೆ ಖಾಲಿ ಬಿದ್ದಿರುವ ಸೈಟುಗಳಲ್ಲಿ ಮನೆ ಏಳುವಂತೆ ಮಾಡಿ. ಹೊಸ ಲೇಔಟ್ ಆಮೇಲೆ ನೋಡೋಣ. ಹಳೇ ಕಟ್ಟಡಗಳ ಮಾಡು, ಗಾರೆ ನೋಡಿಕೊಳ್ಳಲು ಪ್ರತಿ ವರ್ಷ ಹಣ ಇಡಿ.

ಇನ್ನೊಂದು ಮಾತು. ಮಹಾಯೋಜನೆಯ ಕರಡು ನಕ್ಷೆಗೆ ಆಕ್ಷೇಪಣೆ ಸಲ್ಲಿಸಿ ಅಂತ ಪೇಪರಿನಲ್ಲಿ ಪ್ರಕಟಣೆ ಕೊಟ್ಟರೆ ಎಲೆ ಕೊಯ್ಯುವವರಿಗೆ ಗೊತ್ತಾಗುವುದಿಲ್ಲ. ಸರ್ವೆ ನಂಬರ್ ಸಮೇತ ನಕ್ಷೆಯನ್ನು ಕನ್ನಡದಲ್ಲಿ ಪ್ರತಿ ಪಂಚಾಯಿತಿ ಕಚೇರಿಯಲ್ಲಿ ಅಂಟಿಸಿ. ಓದಿ ಹೇಳಲು ಒಬ್ಬ ಅಧಿಕಾರಿಯನ್ನೂ ಕೂರಿಸಿ.

ಇತಿ,
ಮೈಸೂರಿನ ಒಬ್ಬ ನಿವಾಸಿ