ತಡವಾಗಿ ವಾಪಸ್ ತಂದವರಿಗೆ

ನಮ್ಮ ಸಂಪನ್ಮೂಲ ಕೇಂದ್ರದ ಬಾಗಿಲು ನಿನ್ನೆ ಮತ್ತೆ ತೆರೆಯಿತು. ಪೈಪ್ ಒಡೆದು ಭೂಪಟಗಳ ಕೋಣೆಗೆ ನೀರು ನುಗ್ಗಿ ಮೂರು ತಿಂಗಳಾಗಿತ್ತು. ಇಷ್ಟು ದಿನ ಯಾರಿಗೂ ನೆಟ್ಟಗೆ ಥ್ಯಾಂಕ್ಸ್ ಹೇಳಿರಲಿಲ್ಲ. ಪುರುಸೊತ್ತು ಇರಲಿಲ್ಲ. ನಿಜ ಹೇಳಬೇಕೆಂದರೆ, ಬಾಯಿ ತೆರೆದರೆ ಅಳು ಬರುತ್ತಿತ್ತು.

ಗೊತ್ತಿಲ್ಲದವರಿಗೆ ಒಂದು ಮಾತು. ಸಮಾಜ ವಿಜ್ಞಾನದ ಶಿಕ್ಷಕರು ನಮ್ಮಲ್ಲಿಂದ ಭೂಪಟ, ಗ್ಲೋಬ್, ಚಾರ್ಟ್, ಹಳೆಯ ಪತ್ರ-ಪತ್ರಿಕೆಗಳ ನಕಲು ಪ್ರತಿಗಳನ್ನು ಪಾಠಕ್ಕೆ ಒಯ್ಯುತ್ತಾರೆ. ಎರಡು ವಾರದೊಳಗೆ ವಾಪಸ್ ತರಬೇಕು. ನಾನು ಸಂಯೋಜಕಿ. ಹೆಸರು ದೊಡ್ಡದು, ಅರ್ಧ ಕೆಲಸ ಮಾತ್ರ ಫೋನ್ ಮಾಡುವುದು: "ಮೇಷ್ಟ್ರೇ, ಆ ಗ್ಲೋಬ್ ಇನ್ನೂ ಬಂದಿಲ್ಲವಲ್ಲ?"

ಪೈಪ್ ಒಡೆದದ್ದು ಶನಿವಾರ ರಾತ್ರಿ ಇರಬೇಕು. ನಾನು ಬೀಗ ತೆಗೆದದ್ದು ಸೋಮವಾರ ಬೆಳಿಗ್ಗೆ. ಆ ಪೈಪ್ ಸೋರುತ್ತಿದೆ ಎಂದು ಎರಡು ಸಲ ಪತ್ರ ಬರೆದಿದ್ದೆ. ಆ ಕಥೆ ಇಲ್ಲಿ ಬೇಡ.

ಮೊದಲ ಥ್ಯಾಂಕ್ಸ್, ನಾನು ಗಾಬರಿಯಲ್ಲಿ ಫೋನ್ ಮಾಡಿದ ನಿವೃತ್ತ ಗ್ರಂಥಪಾಲಕಿಗೆ. ಅವರು ಹೇಳಿದ ಮೊದಲ ಮಾತು, "ಬಿಸಿಲಿಗೆ ಮಾತ್ರ ಹಾಕಬೇಡಿ." ನಾನು ಆಗಲೇ ನಾಲ್ಕು ಭೂಪಟ ಅಂಗಳಕ್ಕೆ ಒಯ್ದಾಗಿತ್ತು! ಬಿಸಿಲಿಗೆ ಕಾಗದ ಸುರುಳಿ ಸುತ್ತುತ್ತದೆ, ಬಣ್ಣ ಹೋಗುತ್ತದೆ. ನೆರಳಲ್ಲಿ ಹರಡಿ, ಹಾಳೆಗಳ ನಡುವೆ ಬಿಳಿ ಕಾಗದ ಇಟ್ಟು, ಫ್ಯಾನ್ ಹಾಕಿ, ಕಾಗದವನ್ನು ಆಗಾಗ ಬದಲಿಸುತ್ತಿರಬೇಕು. ಒದ್ದೆ ಕಾಗದಕ್ಕೆ ಸುಮಾರು 48 ಗಂಟೆಯಲ್ಲಿ ಬೂಷ್ಟು ಹಿಡಿಯಲು ಶುರುವಾಗುತ್ತದಂತೆ. ನಮ್ಮದು ಆಗಲೇ ಒಂದೂವರೆ ದಿನ ಕಳೆದಿತ್ತು. ನುಣುಪು ಕಾಗದದ ಪುಸ್ತಕಗಳದ್ದು ಇನ್ನೂ ಪೇಚು. ಹಾಗೇ ಒಣಗಿದರೆ ಹಾಳೆಗಳೆಲ್ಲ ಅಂಟಿಕೊಂಡು ಇಟ್ಟಿಗೆಯಾಗುತ್ತದೆ. ಒಂದೊಂದೇ ಬಿಡಿಸುವಷ್ಟು ಸಮಯವಿಲ್ಲದಿದ್ದರೆ ಫ್ರೀಜರಿನಲ್ಲಿ ಇಡಬೇಕು. ಅದರಿಂದ ಪುಸ್ತಕ ಒಣಗುವುದಿಲ್ಲ, ಬೂಷ್ಟು ತಡೆಯುತ್ತದೆ ಅಷ್ಟೇ. ಆರು ಅಟ್ಲಾಸ್‌ಗಳನ್ನು ಮೂರು ವಾರ ತಮ್ಮ ಫ್ರೀಜರಿನಲ್ಲಿ ಇಟ್ಟುಕೊಂಡ ಮೇಡಂಗೂ, ಅದನ್ನು ಸಹಿಸಿದ ಅವರ ಮನೆಯವರಿಗೂ ಥ್ಯಾಂಕ್ಸ್.

ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಜನ ಬಂದಿದ್ದರು. ಚಾರ್ಟ್ ಬಿಡಿಸುತ್ತಲೇ ಇತಿಹಾಸದ ಮೇಷ್ಟ್ರೊಬ್ಬರು ಪಾಠ ಶುರು ಮಾಡಿದರು. 1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸ್‌ನಲ್ಲಿ ಆರ್ನೋ ನದಿ ಉಕ್ಕಿ, ರಾಷ್ಟ್ರೀಯ ಗ್ರಂಥಾಲಯದ ಪುಸ್ತಕಗಳು ಕೆಸರಲ್ಲಿ ಹೂತುಹೋದದ್ದು, ಎಲ್ಲೆಲ್ಲಿಂದಲೋ ಬಂದ ಹುಡುಗ ಹುಡುಗಿಯರು ಸಾಲಾಗಿ ನಿಂತು ಕೈಯಿಂದ ಕೈಗೆ ಅವನ್ನು ದಾಟಿಸಿದ್ದು, ಜನ ಅವರನ್ನು 'ಕೆಸರಿನ ದೇವದೂತರು' ಎಂದು ಕರೆದದ್ದು. "ನಮ್ಮದು ಬರೀ ಪೈಪ್ ನೀರು ಸಾರ್, ನಮಗೆ ಆ ಬಿರುದು ಸಿಗಲ್ಲ" ಎಂದರು ಇನ್ನೊಬ್ಬರು. ಅವತ್ತು ನಾನು ನಕ್ಕದ್ದು ಅದೊಂದೇ ಸಲ. ಇಲ್ಲ, ಇನ್ನೊಂದು ಸಲ ನಕ್ಕಿದ್ದೆ. ಕಾಗದದ ತಿರುಳಿನಿಂದ ಮಾಡಿದ್ದ ಉಬ್ಬು ಭೂಪಟದ ಬೆಟ್ಟಗಳೆಲ್ಲ ಕರಗಿ ಬಯಲಾಗಿದ್ದವು. ಭೂಗೋಳದ ಮೇಡಂ ಅದನ್ನೇ ನೋಡುತ್ತಾ, "ಇರಲಿ ಬಿಡಿ, ಸವೆತದ ಪಾಠಕ್ಕೆ ಆಗುತ್ತೆ" ಎಂದರು.

ಆದರೆ ಈ ಬರಹ ಮುಖ್ಯವಾಗಿ ಇನ್ನೊಂದು ಗುಂಪಿಗೆ.

ಯಾರ ಹತ್ತಿರ ಏನಿದೆ ಎಂದು ಬರೆದಿಟ್ಟಿದ್ದ ರಿಜಿಸ್ಟರ್ ಕೆಳಗಿನ ಕಪಾಟಿನಲ್ಲಿತ್ತು. ಇಂಕಿನಲ್ಲಿ ಬರೆದದ್ದು. ಪುಟ ಪುಟವೂ ನೀಲಿ ನೀಲಿ. ಯಾವುದು ಹಾಳಾಯಿತು, ಯಾವುದು ಹೊರಗಿದೆ, ಏನೂ ತಿಳಿಯುವ ಹಾಗಿರಲಿಲ್ಲ. ನಿಮ್ಮ ಬಳಿ ಏನಿದ್ದರೂ ತಿಳಿಸಿ ಎಂದು ಎಲ್ಲರಿಗೂ ಮೆಸೇಜ್ ಹಾಕಿದೆ. ವಾರದೊಳಗೆ ನಲವತ್ತೆರಡು ಸಾಮಾನು ಬಂದವು. ಕೆಲವು ತಿಂಗಳುಗಟ್ಟಲೆ ತಡ. ಒಂದಂತೂ ಎರಡು ವರ್ಷ! ನಾನು ಫೋನ್ ಮಾಡಿ ಮಾಡಿ, ಕೊನೆಗೆ ಗದರಿ, ಆಶೆ ಬಿಟ್ಟಿದ್ದವೇ ಅವು. ನನ್ನ ಮಾತು ಕೇಳಿ ಹೊತ್ತಿಗೆ ಸರಿಯಾಗಿ ತಂದವರ ಭೂಪಟಗಳು ನೀರಲ್ಲಿ ನೆನೆದಿದ್ದವು. ಕೇಳದವರ ಮನೆಯಲ್ಲಿದ್ದವು ಗರಿಗರಿಯಾಗಿ ಉಳಿದಿದ್ದವು. ಇದಕ್ಕೆ ಏನು ಹೇಳುವುದು?

ಸುಮ್ನೆ ಇಟ್ಟುಕೊಂಡಿರಲಿಲ್ಲ ಅವರು. ಐದು ಮೀಟರಿನ ಕಾಲರೇಖೆಯ ಹಗ್ಗಕ್ಕೆ ಮಕ್ಕಳ ಕೈಬರಹದ ಚೀಟಿಗಳು ಸೇರಿಕೊಂಡಿದ್ದವು. ವರ್ಷಕ್ಕೆ ಒಂದು ಮಿಲಿಮೀಟರ್ ಲೆಕ್ಕ. ಫ್ರೆಂಚ್ ಕ್ರಾಂತಿ ಹಗ್ಗದ ತುದಿಯಿಂದ ಒಂದು ಗೇಣು ದೂರ. ಚೀಟಿ ಬರೆದ ಮಗುವಿನ ಇಡೀ ಆಯಸ್ಸು ಬೆರಳಿನ ಅಗಲಕ್ಕಿಂತ ಕಡಿಮೆ.

ಎರಡು ವರ್ಷ ತಡವಾಗಿ ಬಂದದ್ದು ಒಂದು ಹಳೇ ಪ್ರಪಂಚ ಭೂಪಟ. ಸೋವಿಯತ್ ಒಕ್ಕೂಟ ಇನ್ನೂ ಇರುವಂಥದ್ದು. ಅದನ್ನು ರದ್ದಿಗೆ ಹಾಕಲು ತೆಗೆದಿಟ್ಟಿದ್ದೆ. ಮೇಷ್ಟ್ರೊಬ್ಬರು "ನನಗೆ ಕೊಡಿ" ಎಂದು ಒಯ್ದಿದ್ದರು. ಮೂಲೆಯಲ್ಲಿದ್ದ ಇಸವಿಯನ್ನು ಕಾಗದ ಅಂಟಿಸಿ ಮುಚ್ಚಿ, ಇದು ಯಾವ ವರ್ಷದ್ದು ಹೇಳಿ ಎಂದು ಎಂಟನೇ ತರಗತಿಯ ಮುಂದೆ ಇಟ್ಟಿದ್ದರಂತೆ. ಮಕ್ಕಳ ತನಿಖೆಯ ಹಾಳೆಯೂ ಜೊತೆಗೇ ಬಂತು. ಜರ್ಮನಿ ಎರಡಿವೆ, ಹಾಗಾದರೆ 1990ಕ್ಕೆ ಮೊದಲು. ಜಿಂಬಾಬ್ವೆ ಎಂಬ ಹೆಸರಿದೆ, ಹಾಗಾದರೆ 1980 ಆದಮೇಲೆ. ಅಲ್ಲಿಂದ ಮುಂದೆ ಸಿಕ್ಕಿಹಾಕಿಕೊಂಡರಂತೆ. ಮೂರನೇ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಪಶ್ಚಿಮ ಆಫ್ರಿಕಾದಲ್ಲಿ 'ಅಪ್ಪರ್ ವೋಲ್ಟಾ' ಎಂಬ ಹೆಸರು ಕಂಡುಹಿಡಿದಳು. ಆ ದೇಶ ಬುರ್ಕಿನಾ ಫಾಸೊ ಆದದ್ದು 1984ರ ಆಗಸ್ಟ್‌ನಲ್ಲಿ. ಅಲ್ಲಿಗೆ ನಾಲ್ಕೈದು ವರ್ಷದೊಳಗೆ ಬಂದು ನಿಂತಿತು. ಕಾಗದ ಕಿತ್ತರೆ ಕೆಳಗೆ 1983.

ಹೊಸ ಭೂಪಟದಲ್ಲಿ ಈ ಪಾಠ ಆಗುತ್ತಿತ್ತಾ? ಆ ಭೂಪಟ ಈಗ ಒಳಗೆ ಬಂದ ಕೂಡಲೇ ಕಾಣುವ ಗೋಡೆಯ ಮೇಲಿದೆ. ಇಸವಿಯ ಮೇಲೆ ಮತ್ತೆ ಕಾಗದ ಅಂಟಿಸಿದ್ದೇನೆ.

ಹೊಸ ರಿಜಿಸ್ಟರ್ ಬಂದಿದೆ. ಈ ಸಲ ಬಾಲ್ ಪೆನ್, ಕಪಾಟಿನ ಮೇಲಿನ ಖಾನೆ. ಎರಡು ವಾರದ ನಿಯಮ ಹಾಗೇ ಇದೆ, ಅದರಲ್ಲಿ ರಾಜಿ ಇಲ್ಲ. ಒಂದು ದೊಡ್ಡ ಗ್ಲೋಬ್ ಮಾತ್ರ ಇನ್ನೂ ಪತ್ತೆಯಿಲ್ಲ. ಅದು ಯಾರ ಹತ್ತಿರ ಇದೆಯೋ ಅವರಿಗೂ ಮುಂಗಡವಾಗಿ ಥ್ಯಾಂಕ್ಸ್. ಪೈಪ್ ರಿಪೇರಿ ಆಗಿದೆ. ಧೈರ್ಯವಾಗಿ ತನ್ನಿ, ಬೈಯುವುದಿಲ್ಲ.