ಸೊಂಟ ನೋವು: ಸ್ಕ್ಯಾನ್ ವರದಿಗೊಂದು ಕನ್ನಡದ ಸಾಲು ಬೇಕು

ಮಾನ್ಯರೇ,

ಸೊಂಟ ನೋವೆಂದು ಬರುವ ಅನೇಕರು ಈಗ ನೋವು ಎಲ್ಲಿದೆ, ಎಂದಿನಿಂದ ಇದೆ ಎಂದು ಹೇಳುವ ಮೊದಲೇ ಎಂಆರ್‌ಐ ಲಕೋಟೆಯನ್ನು ಮೇಜಿನ ಮೇಲಿಡುತ್ತಾರೆ. ತೀರ್ಥಹಳ್ಳಿ ಸೀಮೆಯಲ್ಲಿ ಫಿಸಿಯೊಥೆರಪಿ ವೃತ್ತಿಯಲ್ಲಿರುವ ನನಗೆ, ಆ ಲಕೋಟೆಯೊಳಗಿನ ನಾಲ್ಕು ಇಂಗ್ಲಿಷ್ ಸಾಲುಗಳು ಕೆಲವರನ್ನು ನೋವಿಗಿಂತ ಹೆಚ್ಚಾಗಿ ನೆಲಕಚ್ಚಿಸುತ್ತಿವೆ ಎನಿಸಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಅಡಿಕೆ ಸುಗ್ಗಿಯಲ್ಲಿ ಕಾಯಿ ಸುಲಿಯುವ ಮೆಟ್ಟುಗತ್ತಿಯ ಮುಂದೆ ರಾತ್ರಿಯವರೆಗೂ ಕೂರುವ ಐವತ್ತರ ಆಸುಪಾಸಿನ ಮಹಿಳೆಯೊಬ್ಬರ ವರದಿಯಲ್ಲಿ ‘ಎಲ್4–ಎಲ್5 ಡಿಸ್ಕ್ ಬಲ್ಜ್’, ಅಂದರೆ ಸೊಂಟದ ನಾಲ್ಕು ಮತ್ತು ಐದನೇ ಮೂಳೆಗಳ ನಡುವಿನ ಮೆತ್ತೆ (ಡಿಸ್ಕ್) ಉಬ್ಬಿದೆ ಎಂದಿತ್ತು. ಯಾರೋ ಅದನ್ನು ‘ಡಿಸ್ಕ್ ಜಾರಿದೆ’ ಎಂದು ಓದಿ ಹೇಳಿದ್ದರು. ಅಂದಿನಿಂದ ಅವರು ಕೊಡಪಾನ ಎತ್ತುವುದನ್ನೂ ಅಂಗಳ ಗುಡಿಸುವುದನ್ನೂ ಬಿಟ್ಟು, ಸೀರೆಯ ಮೇಲೆ ಬೆಲ್ಟ್ ಬಿಗಿದುಕೊಂಡು ಹಾಸಿಗೆ ಹಿಡಿದಿದ್ದರು. ಪರೀಕ್ಷಿಸಿದರೆ ನೋವು ಕಾಲಿಗೆ ಇಳಿಯುತ್ತಿರಲಿಲ್ಲ, ಜೋಮು ಇರಲಿಲ್ಲ, ಕಾಲಿನ ಹೆಬ್ಬೆರಳನ್ನು ಮೇಲೆತ್ತುವ ಬಲ ಚೆನ್ನಾಗಿಯೇ ಇತ್ತು. ಬಾಗಿ ಎಂದಾಗ ಮಾತ್ರ ಭಯದಿಂದ ಉಸಿರು ಬಿಗಿಹಿಡಿಯುತ್ತಿದ್ದರು.

ನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಮರ್ಶೆಯೊಂದರ ಪ್ರಕಾರ, ಡಿಸ್ಕ್ ಉಬ್ಬುವುದು ಇಪ್ಪತ್ತರ ವಯಸ್ಸಿನವರಲ್ಲೇ ಶೇ 30ರಷ್ಟು, ಐವತ್ತರವರಲ್ಲಿ ಶೇ 60ರಷ್ಟು ಕಂಡುಬರುತ್ತದೆ. ತಲೆ ನರೆತಂತೆ ಬೆನ್ನಿನ ಡಿಸ್ಕ್‌ಗಳೂ ಸವೆಯುತ್ತವೆ. ಆ ಸವೆತವೇ ನೋವಿಗೆ ಕಾರಣವೆಂದು ಚಿತ್ರವೊಂದನ್ನೇ ನೋಡಿ ಹೇಳಲಾಗದು. ಹತ್ತರಲ್ಲಿ ಸುಮಾರು ಒಂಬತ್ತು ಸೊಂಟ ನೋವುಗಳಿಗೆ ಇದೇ ಮೂಳೆ, ಇದೇ ನರ ಎಂದು ಬೆರಳಿಟ್ಟು ತೋರಿಸಬಹುದಾದ ಕಾರಣ ಸಿಗುವುದಿಲ್ಲ. ಭಾರ ಎತ್ತುವ ದುಡಿಮೆ, ಬಹಳ ಹೊತ್ತು ಒಂದೇ ಭಂಗಿ, ಧೂಮಪಾನ, ಬೊಜ್ಜು, ನಿದ್ದೆಗೇಡು, ಮನಸ್ಸಿನ ಒತ್ತಡ ಎಲ್ಲವೂ ಅದಕ್ಕೆ ಕೂಡಿಕೊಳ್ಳುತ್ತವೆ.

ಹಾಗೆಂದು ಎಲ್ಲ ನೋವನ್ನೂ ಹಗುರವಾಗಿ ಕಾಣುವಂತಿಲ್ಲ. ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಿರುವುದು, ಕಾಲು ಸೋಲುತ್ತ ಹೋಗುವುದು ಕಂಡರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿ ನೋವು, ಹಿಂದೆ ಕ್ಯಾನ್ಸರ್ ಆಗಿದ್ದ ಇತಿಹಾಸ ಇದ್ದರೂ ತಡಮಾಡಬಾರದು. ಬೆನ್ನುಮೂಳೆಯ ಕ್ಷಯ ನಮ್ಮ ದೇಶದಲ್ಲಿ ಅಪರೂಪವೇನಲ್ಲ. ವಯಸ್ಸಾದವರು ಬಿದ್ದ ಮೇಲೆ ಶುರುವಾದ ನೋವು ಮೂಳೆ ಮುರಿತದ್ದಿರಬಹುದು. ಅಂಥವರನ್ನು ಉಳುಕು ತೆಗೆಸಲು ಕರೆದೊಯ್ದು ಸೊಂಟ ತಿರುಚಿಸುವುದು ಅಪಾಯಕಾರಿ. ಎಣ್ಣೆ ನೀವಿ ಬಿಸಿನೀರು ಹುಯ್ಯುವುದಕ್ಕೆ ನನ್ನ ತಕರಾರಿಲ್ಲ. ಸ್ಕ್ಯಾನ್ ನಿಜಕ್ಕೂ ಬೇಕಾಗುವುದು ಇಂಥ ಲಕ್ಷಣಗಳಿದ್ದಾಗ ಅಥವಾ ಕಾಲಿನ ನರನೋವು ವಾರಗಟ್ಟಲೆ ಬಗ್ಗದೆ ಶಸ್ತ್ರಚಿಕಿತ್ಸೆಯ ಮಾತು ಬಂದಾಗ.

ಉಳಿದವರಲ್ಲಿ ಹೊಸದಾಗಿ ಬಂದ ನೋವು ಬಹುಪಾಲು ಆರು ವಾರಗಳೊಳಗೆ ಸಾಕಷ್ಟು ತಗ್ಗುತ್ತದೆ. ಹಾಸಿಗೆ ಹಿಡಿಯುವುದರಿಂದ ಸ್ನಾಯುಗಳು ಸೊರಗುತ್ತವೆಯೇ ಹೊರತು ಗುಣ ಬೇಗ ಬರುವುದಿಲ್ಲ. ದೀರ್ಘಕಾಲದ ಸೊಂಟ ನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯು ತಿಳಿವಳಿಕೆ, ವ್ಯಾಯಾಮ ಮತ್ತು ಮಾನಸಿಕ ಬೆಂಬಲಕ್ಕೆ ಒತ್ತುಕೊಟ್ಟು, ಸೊಂಟದ ಬೆಲ್ಟ್, ಟ್ರಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವ ಚಿಕಿತ್ಸೆ) ಹಾಗೂ ಅಫೀಮು ವರ್ಗದ ನೋವಿನ ಮಾತ್ರೆಗಳನ್ನು ವಾಡಿಕೆಯಾಗಿ ಕೊಡಬಾರದೆಂದಿದೆ. ಉರಿಯೂತ ತಗ್ಗಿಸುವ ಮಾತ್ರೆಗಳು ಕೆಲಕಾಲಕ್ಕೆ ನೆರವಾಗಬಹುದು. ಆದರೆ ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದು ತಿಂಗಳುಗಟ್ಟಲೆ ನುಂಗಿದರೆ ಜಠರಕ್ಕೂ ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ.

ಮೇಲೆ ಹೇಳಿದ ಮಹಿಳೆಗೆ ನಾನು ಕೊಟ್ಟದ್ದು ದಿನದ ನಡಿಗೆ, ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸ, ಅರ್ಧ ಕೊಡ ನೀರಿನಿಂದ ಮೊದಲುಮಾಡಿ ಭಾರ ಏರಿಸುವ ಕ್ರಮ, ನಡುನಡುವೆ ಮೆಟ್ಟುಗತ್ತಿಯಿಂದ ಏಳಬೇಕೆಂಬ ಕರಾರು ಇಷ್ಟೇ. ಮುಂದಿನ ಸುಗ್ಗಿಗೆ ಅವರು ಚಪ್ಪರಕ್ಕೆ ಮರಳಿದರು. ನೋವು ಪೂರ್ತಿ ಹೋಗಿಲ್ಲ, ಭಯ ಹೋಗಿದೆ.

ಸ್ಕ್ಯಾನ್ ಕೇಂದ್ರಗಳು ವರದಿಯ ಕೊನೆಗೆ ‘ಇಂಥ ಬದಲಾವಣೆಗಳು ನಿಮ್ಮ ವಯಸ್ಸಿನ, ನೋವಿಲ್ಲದವರಲ್ಲೂ ಸಾಮಾನ್ಯ; ವೈದ್ಯರು ನಿಮ್ಮನ್ನು ಪರೀಕ್ಷಿಸಿದ ಮೇಲಷ್ಟೇ ಇದಕ್ಕೆ ಅರ್ಥ’ ಎಂಬ ಒಂದು ಸಾಲನ್ನು ಕನ್ನಡದಲ್ಲಿ ಮುದ್ರಿಸಬೇಕೆಂದು ಆರೋಗ್ಯ ಇಲಾಖೆ ಸೂಚಿಸಲಿ. ಇದಕ್ಕೆ ಹೊಸ ಯಂತ್ರವೂ ಬೇಡ, ದೊಡ್ಡ ಅನುದಾನವೂ ಬೇಡ.

– ಫಿಸಿಯೊಥೆರಪಿಸ್ಟ್, ತೀರ್ಥಹಳ್ಳಿ